ದುಡ್ಡು ಕೊಟ್ಟು ಇರುವೆ ನೋಡಿದ್ದು

ಮೈಸೂರಿನ ನಮ್ಮ ಅಡುಗೆಮನೆಯಲ್ಲಿ ಮದುವೆಯಾದಂದಿನಿಂದ ನನಗೆ ಸಿಕ್ಕಿರುವುದು ಒಂದೇ ಖಾತೆ: ಇರುವೆ ನಿರ್ಮೂಲನ. ಸಕ್ಕರೆ ಡಬ್ಬಿಯ ಸುತ್ತ ಸೀಮೆಸುಣ್ಣದ ಗೆರೆ, ಬೆಲ್ಲದ ಪಾತ್ರೆಯ ಕೆಳಗೆ ನೀರಿನ ತಟ್ಟೆ, ಗೊದ್ದಗಳ ದಾರಿಗೆ ಅರಿಶಿನ, ಎಲ್ಲ ನನ್ನ ಉಸ್ತುವಾರಿ. ಅಂಥ ನನ್ನನ್ನು ಮಗಳು ನ್ಯೂಜೆರ್ಸಿಯಿಂದ ರೈಲು ಹತ್ತಿಸಿ ನ್ಯೂಯಾರ್ಕಿಗೆ ಕರೆದೊಯ್ದು, ಡಾಲರು ತೆತ್ತು, ಇರುವೆ ತೋರಿಸಿದಳು. ಸುಮಾರು 5 ಲಕ್ಷ ಇರುವೆ.

ಅದು ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿ. 1869ರ ಮುದುಕಿಗೆ 2023ರ ಮೇ ತಿಂಗಳಲ್ಲಿ ಗಿಲ್ಡರ್ ಸೆಂಟರ್ ಎಂಬ ಹೊಸ ರೆಕ್ಕೆ ಮೂಡಿದೆ. ಖರ್ಚು 46.5 ಕೋಟಿ ಡಾಲರ್. “ರೂಪಾಯಿಗೆ ಲೆಕ್ಕ ಹಾಕಬೇಡಿ ಅಪ್ಪ” ಎಂದಳು ಮಗಳು. ನಾನು ಆಗಲೇ ಹಾಕಿ ಮುಗಿಸಿ ಮೆಟ್ಟಿಲ ಮೇಲೆ ಕುಳಿತಿದ್ದೆ.

ಒಳಗೆ ನೆಟ್ಟಗಿನ ಗೋಡೆಯೆಂಬುದೇ ಕಾಣದು. ಎಲ್ಲ ಗವಿ, ಕಮಾನು, ಬಳುಕು. “ಹುತ್ತದೊಳಗೆ ಬಂದ ಹಾಗಿದೆ” ಎಂದಳು ನನ್ನಾಕೆ. ವಾಸ್ತುಶಿಲ್ಪಿ ಜೀನ್ ಗ್ಯಾಂಗ್ ಸೆಂಟ್ರಿಂಗ್ ಹಲಗೆಯ ಗೊಡವೆಯಿಲ್ಲದೆ, ಕಬ್ಬಿಣದ ಹಂದರಕ್ಕೆ ನೇರ ಕಾಂಕ್ರೀಟು ಚಿಮ್ಮಿಸಿ ಇದನ್ನು ಮಾಡಿಸಿದ್ದಾರೆ. ಸಿಮೆಂಟು ಚಿಮ್ಮಿಸುವ ಯಂತ್ರವನ್ನು ಮೊದಲು ಕಂಡುಹಿಡಿದವನು ಕಾರ್ಲ್ ಏಕ್ಲಿ. ಇದೇ ಮ್ಯೂಸಿಯಮ್ಮಿಗೆ ಸತ್ತ ಆನೆಗಳ ಚರ್ಮ ಹೊದಿಸಿ ನಿಲ್ಲಿಸಿಕೊಟ್ಟವನು. ನಮ್ಮ ಮನೆ ಕಟ್ಟಿದ ಮೇಸ್ತ್ರಿಯ ಗೋಡೆಯೂ ಹೀಗೇ ಬಳುಕಿತ್ತು. ಪಾಪ, ಅವನ ಬಾಕಿ ಹಣ ಹಿಡಿದುಬಿಟ್ಟಿದ್ದೆ.

ಇರುವೆಗಳಿಗೆ ಬರೋಣ. ನಮ್ಮ ತಲೆಯ ಮೇಲೇ ಪಾರದರ್ಶಕ ಸೇತುವೆ. ಅದರೊಳಗೆ ಒಂದೊಂದೂ ಹಸಿರೆಲೆಯ ಚೂರು ಎತ್ತಿ ಹಿಡಿದು ಸಾಲಾಗಿ ಹೊರಟಿವೆ, ಉತ್ಸವದಲ್ಲಿ ಛತ್ರಿ ಹಿಡಿದವರ ಹಾಗೆ. ಆ ಎಲೆಯನ್ನು ತಿನ್ನುವುದಿಲ್ಲವಂತೆ! ಜಗಿದು ಗೊಬ್ಬರ ಮಾಡಿ, ಅದರ ಮೇಲೊಂದು ಜಾತಿಯ ಬೂಷ್ಟು ಬೆಳೆಸಿ, ಅದನ್ನು ಮರಿಗಳಿಗೆ ಉಣಿಸುತ್ತವಂತೆ. ನನಗೆ ಹುರುಪು ಬಂತು. “ನೋಡಿದೆಯಾ? ಒದ್ದೆ ಚಮಚ ಹಾಕಿ ನಿನ್ನ ಉಪ್ಪಿನಕಾಯಿ ಜಾಡಿಯಲ್ಲಿ ನಾನು ಮಾಡಿದ್ದೂ ಇದೇ ಬೇಸಾಯ.”

“ಅವು ಬೆಳೆದದ್ದನ್ನ ಅವೇ ತಿಂತಾವೆ. ನೀವು ತಿಂದ್ರಾ?”

ಚಿಟ್ಟೆಮನೆಗೆ ಬೇರೆ ಟಿಕೀಟು. ಒಳಗೆ ಮಂಗಳೂರಿನ ಮೇ ತಿಂಗಳ ಸೆಕೆ. ನಮ್ಮಲ್ಲಿ ಕಸದ ಬುಟ್ಟಿಗೆ ಹೋಗುವಂಥ ಹಣ್ಣಿನ ಹೋಳುಗಳಿಗೆ ಇಲ್ಲಿ ತಟ್ಟೆಯ ಮರ್ಯಾದೆ. ಹೊರಬರುವಾಗ ಕನ್ನಡಿ ಮುಂದೆ ನಿಲ್ಲಿಸಿ, ಹಿಂದೆ ಮುಂದೆ ತಿರುಗಿಸಿ ತಪಾಸಣೆ. ಊರಲ್ಲಿ ಹುಳ ಒಳಗೆ ಬಾರದಂತೆ ನನ್ನ ಕಾವಲು. ಇಲ್ಲಿ ಹೊರಗೆ ಹೋಗದಂತೆ ಅವರ ಕಾವಲು.

ನಾನು ಪಾಸಾದೆ. ನನ್ನಾಕೆಯ ಮೈಸೂರು ರೇಷ್ಮೆಯ ಸೆರಗಿನಲ್ಲಿ ಮಾತ್ರ ಒಂದು ಕಂದು ಚಿಟ್ಟೆ ಜಪ್ಪಯ್ಯ ಎಂದರೂ ಏಳದೆ ಕುಳಿತಿತ್ತು. ನೂಲು ತನ್ನ ದಾಯಾದಿಯದೆಂದು ಗುರುತು ಹಿಡಿಯಿತೋ ಏನೋ. ಸಿಬ್ಬಂದಿಯ ಹುಡುಗಿ ಮೆಲ್ಲಗೆ ಬೆರಳು ಚಾಚಿದಳು.

“ಇರಲಿ ಬಿಡಮ್ಮ, ಒಂದು ನಿಮಿಷ” ಎಂದಳು ನನ್ನಾಕೆ, ಅಚ್ಚ ಕನ್ನಡದಲ್ಲಿ. “ಬೆಳಿಗ್ಗೆಯಿಂದ ಈ ಸೀರೆ ನೋಡಿದ್ದು ಇದೊಂದೇ.”