ಶೀತಾರ್ದ್ರಗಿರಿಚಕ್ರವಸ್ತ್ರಮೀಮಾಂಸೆ

ಚಳಿಗಾಲದ ಜಿಟಿಜಿಟಿ ಮಳೆಯಲ್ಲಿ, ಕೆಸರು ತುಂಬಿದ ಕಾಡುಗುಡ್ಡದಲ್ಲಿ, ಹಿಂದಿನಿಂದ ಹುಲಿಯೇನೂ ಅಟ್ಟಿಸಿಕೊಂಡು ಬರದಿದ್ದರೂ ಸೈಕಲ್ ತುಳಿಯುವವನು ಏನನ್ನು ತೊಡಬೇಕು? ಕನ್ನಡ ಸಂಶೋಧನೆ ಈ ಪ್ರಶ್ನೆಯನ್ನು ಈವರೆಗೆ ಕೈಗೆತ್ತಿಕೊಂಡಿಲ್ಲ. ಶಾಸನಗಳು ಮೌನವಾಗಿವೆ. ವಡ್ಡಾರಾಧನೆಯಲ್ಲಿ ಸೈಕಲ್ಲಿನ ಪ್ರಸ್ತಾಪವೇ ಇಲ್ಲದಿರುವುದಕ್ಕೆ ಲಿಪಿಕಾರರ ಅನವಧಾನವೇ ಕಾರಣವಿರಬೇಕು. ಮೂವತ್ತೆರಡು ವರ್ಷ ಹಳಗನ್ನಡ ಪಾಠ ಹೇಳಿ ನಿವೃತ್ತನಾಗಿ, ಮಗನ ಮನೆಯೆಂದು ಸ್ಕಾಟ್ಲೆಂಡಿಗೆ ಹೋಗಿ, ಡಿಸೆಂಬರಿನಲ್ಲಿ ಅಲ್ಲಿ ಬೇರೆ ಕೆಲಸ ಸಿಗದೆ, ಪ್ರಸ್ತುತ ಸಂಶೋಧಕ ಈ ಕೊರತೆಯನ್ನು ತುಂಬಲು ಹೊರಟಿದ್ದಾನೆ.

ಮೊದಲು ಕ್ಷೇತ್ರನಿರ್ಣಯ. ಎಡಿನ್‌ಬರೊದ ದಕ್ಷಿಣಕ್ಕೆ ಟ್ವೀಡ್ ನದಿಯ ಕಣಿವೆಯಿದೆ. ಅಲ್ಲಿ ಪೀಬಲ್ಸ್ ಊರಿನ ಪಕ್ಕ ಗ್ಲೆಂಟ್ರೆಸ್ ಎಂಬ ಕಾಡು. 2023ರ ವಿಶ್ವ ಚಾಂಪಿಯನ್‌ಷಿಪ್ಪಿನ ಕ್ರಾಸ್‌ಕಂಟ್ರಿ ಮೌಂಟನ್ ಬೈಕ್ ಸ್ಪರ್ಧೆಗಳು ಇಲ್ಲಿಯೇ ನಡೆದವು. ನಡೆಸಿದವರು ಬುದ್ಧಿವಂತರು, ಆಗಸ್ಟಿನಲ್ಲಿ ನಡೆಸಿದರು. ಇಲ್ಲಿನ ದಾರಿಗಳಿಗೆ ಹಸಿರು, ನೀಲಿ, ಕೆಂಪು, ಕಪ್ಪು ಎಂಬ ಚಾತುರ್ವರ್ಣ್ಯವಿದೆ. ಅದು ಹುಟ್ಟಿನಿಂದ ಬಂದದ್ದಲ್ಲ, ಬೀಳುವ ಶಕ್ತಿಯಿಂದ ಬಂದದ್ದು. ಡಿಸೆಂಬರಿನಲ್ಲಿ ಸೂರ್ಯ ಎಂಟೂ ನಲವತ್ತರ ಸುಮಾರಿಗೆ ಹುಟ್ಟಿ ಮೂರೂ ನಲವತ್ತಕ್ಕೆ ಮುಳುಗುತ್ತಾನೆ. ಬೆಳಗಿನ ಸಂಧ್ಯಾವಂದನೆಯ ಪಂಚಪಾತ್ರೆ ಒಣಗುವ ಮೊದಲೇ ಸಂಜೆಯದಕ್ಕೆ ನೀರು ತುಂಬಬೇಕು.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಕಂಡವರಿಗೆ ಈ ಮಳೆ ಯಾವ ಲೆಕ್ಕ ಎಂದು ಕೇಳುವವರುಂಟು. ನಮ್ಮ ಮಳೆ ಹೊಡೆಯುತ್ತದೆ, ಹೊಡೆದು ಹೋಗುತ್ತದೆ. ಅಲ್ಲಿಯದು ಮುಟ್ಟಿದ್ದೇ ಗೊತ್ತಾಗುವುದಿಲ್ಲ, ಆದರೆ ಬಿಡುವುದೂ ಇಲ್ಲ. ಗಾಳಿಯಲ್ಲಿ ತೇಲುವ ಆ ಪುಡಿಮಳೆಗೆ ಸ್ಕಾಟರು ‘ಸ್ಮರ್’ ಎನ್ನುತ್ತಾರೆ. ಇದು ಸಂಸ್ಕೃತದ ‘ಸ್ಮೃ’ ಧಾತುವಿನಿಂದಲೇ ಬಂದದ್ದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅದರಲ್ಲಿ ನೆನೆದವನಿಗೆ ಮೊದಲು ಆಗುವುದು ಮನೆಯ ಸ್ಮರಣೆ. ನಮ್ಮಲ್ಲೂ ‘ನೆನೆ’ ಎಂಬ ಒಂದೇ ಕ್ರಿಯಾಪದಕ್ಕೆ ಒದ್ದೆಯಾಗುವುದು, ನೆನಪಿಸಿಕೊಳ್ಳುವುದು ಎಂಬ ಎರಡೂ ಅರ್ಥ ಉಂಟಲ್ಲ! ಭಾಷಾವಿಜ್ಞಾನಿಗಳು ಒಪ್ಪುವುದಿಲ್ಲ. ಅವರು ಒಪ್ಪಿದ್ದು ಯಾವುದಿದೆ?

ಇನ್ನು ಜಲತ್ರಯವಿಚಾರ. ಸವಾರನನ್ನು ಬಾಧಿಸುವ ನೀರು ಮೂರು ಬಗೆ. ಆಕಾಶದಿಂದ ಬೀಳುವುದು ಊರ್ಧ್ವಜಲ. ಮಳೆ ನಿಂತರೂ ಮರದ ಹನಿ ನಿಲ್ಲದಾದ್ದರಿಂದ ಕಾಡಿನಲ್ಲಿ ಇದರ ಅವಧಿ ಇಮ್ಮಡಿ. ಹಿಂದಿನ ಗಾಲಿ ಎರಚುವ ಕೆಸರುನೀರು ಅಧೋಜಲ. ಅದು ಸೀಟಿನ ಮೂಲಕ ನೇರವಾಗಿ ಮೂಲಾಧಾರಕ್ಕೆ ಅಭಿಷೇಕ ಮಾಡುತ್ತದೆ. ಮೂರನೆಯದು ಮೈಯೊಳಗಿಂದ ಉಕ್ಕುವ ಬೆವರು, ಅಂದರೆ ಅಂತರ್ಜಲ. ತುಳಿಯುವವನ ಸ್ನಾಯುಗಳು ಖರ್ಚುಮಾಡುವ ಶಕ್ತಿಯಲ್ಲಿ ಗಾಲಿಗೆ ದಕ್ಕುವುದು ಹೆಚ್ಚೆಂದರೆ ಕಾಲು ಪಾಲು, ಉಳಿದ ಮುಕ್ಕಾಲೂ ಬಿಸಿಯಾಗುತ್ತದೆ. ಆದ್ದರಿಂದ ಏರು ಹತ್ತುವಾಗ ಅಂತರ್ಜಲದ ಮಟ್ಟ ಏರುತ್ತದೆ. ಆಮೇಲೆ ಇಳಿಜಾರು. ಅಲ್ಲಿ ತುಳಿತವಿಲ್ಲ, ಬಿಸಿಯಿಲ್ಲ, ಬರೀ ಗಾಳಿ. ನಾಲ್ಕು ಡಿಗ್ರಿಯ ಚಳಿಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದ ಗಾಳಿ ಬಡಿದರೆ ಬರಿಮೈಗೆ ಅದು ಸೊನ್ನೆ ಡಿಗ್ರಿಯಂತೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚುರುಕಾಗಿ ಮೈಯ ಬಿಸಿಯನ್ನು ಹೊತ್ತೊಯ್ಯುತ್ತದೆ. ಒಂದು ಗಂಟೆ ಬೇಯಿಸಿ ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟಂತೆ ಎಂದರೆ ಗೃಹಿಣಿಯರಿಗೆ ತಿಳಿದೀತು.

ಗ್ಲೆಂಟ್ರೆಸ್ಸಿನ ಕಾರ್ ನಿಲ್ದಾಣದಲ್ಲಿ ನಿಂತು ಕೇಳಿದರೆ ಈ ವಿಷಯದಲ್ಲಿ ಮೂರು ಮತಗಳು ಕಾಣುತ್ತವೆ. ಮಳೆ ಬೇರೆ, ಬೆವರು ಬೇರೆ, ಅವುಗಳ ಭೇದ ನಿತ್ಯ, ನಡುವೆ ನಿಂತ ಕೋಟಿನ ಪೊರೆ ಪರಮಸತ್ಯ ಎಂಬುದು ದ್ವೈತ. ಇವರ ಕೋಟು ಹೊಸದಾಗಿರುತ್ತದೆ. ನಲವತ್ತು ನಿಮಿಷದ ಮೇಲೆ ಒಳಗಿನ ನೀರಿಗೂ ಹೊರಗಿನ ನೀರಿಗೂ ಭೇದವೇ ಇಲ್ಲ, ಪೊರೆ ಮಿಥ್ಯೆ, ಬೆಲೆಯೊಂದೇ ಸತ್ಯ ಎಂಬುದು ಅದ್ವೈತ. ಇವರ ಕೋಟಿಗೆ ಎರಡು ವರ್ಷವಾಗಿರುತ್ತದೆ. ನೀರು ಒಂದೇ ಹೌದು, ಆದರೆ ಬಿಸಿ-ತಂಪು ಎಂಬ ವಿಶೇಷಣದಿಂದ ಕೂಡಿದ್ದು, ಒಣಗಿರುವ ಆಸೆ ಬಿಟ್ಟು ಬೆಚ್ಚಗೆ ಒದ್ದೆಯಾಗಿರುವುದೇ ಪುರುಷಾರ್ಥ ಎಂಬುದು ವಿಶಿಷ್ಟಾದ್ವೈತ. ಇವರು ಕೈಗೆ ನಿಯೋಪ್ರೀನ್ ಗವಸು ತೊಟ್ಟಿರುತ್ತಾರೆ. ಅದು ನೀರನ್ನು ತಡೆಯುವ ಗೊಡವೆಗೆ ಹೋಗದೆ, ಒಳಗೆ ಬಂದ ನೀರನ್ನು ಮೈಬಿಸಿಯಲ್ಲೇ ಕಾಯಿಸಿ ಇಟ್ಟುಕೊಳ್ಳುತ್ತದೆ. ಸಂಶೋಧಕನ ಒಲವು ಮೂರನೆಯದಕ್ಕೆ. ಹುಟ್ಟಿನಿಂದ ಬಂದ ಮತ ಬೇರೆಯಾದ್ದರಿಂದ ಊರಿನಲ್ಲಿ ಇದನ್ನು ಯಾರೂ ಹೇಳಕೂಡದು.

ಈ ಪೊರೆಯ ಇತಿಹಾಸ ರೋಚಕವಾದದ್ದು. ಗ್ಲಾಸ್ಗೋದ ಚಾರ್ಲ್ಸ್ ಮ್ಯಾಕಿಂತಾಷ್ 1823ರಲ್ಲಿ, ಡಾಂಬರಿನಿಂದ ಬಸಿದ ನ್ಯಾಫ್ತಾದಲ್ಲಿ ರಬ್ಬರನ್ನು ಕರಗಿಸಿ, ಎರಡು ಬಟ್ಟೆಗಳ ನಡುವೆ ಬಳಿದು, ಹೋಳಿಗೆಯ ಹೂರಣದಂತೆ ಒತ್ತಿ, ಪೇಟೆಂಟ್ ಪಡೆದ. ಆ ಕೋಟು ಚಳಿಯಲ್ಲಿ ಹಪ್ಪಳದಂತೆ ಸೆಟೆಯುತ್ತಿತ್ತು, ಬಿಸಿಲಲ್ಲಿ ಅಂಟುತ್ತಿತ್ತು, ಎಲ್ಲ ಕಾಲದಲ್ಲೂ ನಾರುತ್ತಿತ್ತು. ಅದು ಮಳೆಯನ್ನು ಒಳಗೆ ಬಿಡಲಿಲ್ಲ, ಬೆವರನ್ನು ಹೊರಗೆ ಬಿಡಲಿಲ್ಲ. ಇಂಗ್ಲಿಷಿನಲ್ಲಿ ಮನುಷ್ಯನ ಹೆಸರಿನಲ್ಲಿಲ್ಲದ ಒಂದು ‘ಕೆ’ ಅಕ್ಷರ ಕೋಟಿನ ಹೆಸರಿಗೆ ಸೇರಿಕೊಂಡಿದೆ. ಅದು ಪ್ರಕ್ಷಿಪ್ತವೆಂದು ಇಲ್ಲಿ ಮೊದಲ ಬಾರಿಗೆ ಪ್ರತಿಪಾದಿಸಲಾಗಿದೆ. ಆಮೇಲೆ 1969ರಲ್ಲಿ ಅಮೆರಿಕದ ಬಾಬ್ ಗೋರ್ ಎಂಬಾತ, ನಮ್ಮ ನಾನ್‌ಸ್ಟಿಕ್ ಕಾವಲಿಗೆ ಬಳಿಯುವ ಅದೇ ವಸ್ತುವಿನ ಕೋಲನ್ನು ಕಾಯಿಸಿ ಮೆಲ್ಲಗೆ ಎಳೆದು ಎಳೆದು, ಅದು ಮುರಿದು ಮುರಿದು ರೋಸಿಹೋಗಿ, ಒಮ್ಮೆ ರಪ್ಪನೆ ಜಗ್ಗಿದ. ಕೋಲು ಮುರಿಯದೆ ಉದ್ದಕ್ಕೆ ಹಿಗ್ಗಿತು. ಹಿಗ್ಗಿದ್ದರಲ್ಲಿ ಕಣ್ಣಿಗೆ ಕಾಣದ ರಂಧ್ರಗಳಾದವು. ರಂಧ್ರ ನೀರಹನಿಗಿಂತ 20,000 ಪಟ್ಟು ಕಿರಿದು, ಆವಿಯ ಕಣಕ್ಕಿಂತ 700 ಪಟ್ಟು ಹಿರಿದು ಎಂಬುದು ತಯಾರಕರ ಲೆಕ್ಕ. ಸಿಟ್ಟಿನಿಂದ ಶಾಪ ಹುಟ್ಟಿದ ಉದಾಹರಣೆಗಳು ನಮ್ಮ ಪುರಾಣಗಳಲ್ಲಿ ಹೇರಳ, ಕೋಟು ಹುಟ್ಟಿದ್ದು ಇದೊಂದೇ.

ಇಂಥ ಕೋಟು ಮಾರುವ ಅಂಗಡಿಯ ಹುಡುಗ ‘ಹತ್ತು ಸಾವಿರ, ಹತ್ತು ಸಾವಿರ’ ಎಂದಾಗ ಬೆಲೆಯೆಂದು ಬೆಚ್ಚಿದೆ. ಮೊದಲ ಹತ್ತು ಸಾವಿರ ಮಿಲಿಮೀಟರು: ಬಟ್ಟೆಯ ಮೇಲೆ ಹತ್ತು ಮೀಟರಿನ, ಒಂದು ತೆಂಗಿನಮರದೆತ್ತರದ, ನೀರಿನ ಕಂಬ ನಿಲ್ಲಿಸಿದರೂ ಸೋರುವುದಿಲ್ಲ. ಎರಡನೆಯದು ಗ್ರಾಮು: ಒಂದು ಚದರ ಮೀಟರು ಬಟ್ಟೆ ದಿನಕ್ಕೆ ಇಷ್ಟು ಆವಿಯನ್ನು ಹೊರಗೆ ಬಿಡುತ್ತದೆ. ಇದು ಪ್ರಯೋಗಶಾಲೆಯ ಮಾತು. ತೆಂಗಿನಮರದೆತ್ತರದ ನೀರನ್ನು ತಡೆದ ಬಟ್ಟೆ ಕೊರಳಪಟ್ಟಿಯ ತೂತಿನೆದುರು ಏನು ಮಾಡೀತು? ಮೇಲ್ಮೈಗೆ ಲೇಪಿಸಿದ ಜಾರುಮದ್ದು ಸವೆದರೆ ಹೊರಬಟ್ಟೆ ನೀರು ಕುಡಿದು ಕೂರುತ್ತದೆ. ಆಗ ಒಳಗಿನ ಆವಿ, ಬಾಗಿಲಲ್ಲಿ ಜಾಗವಿಲ್ಲದ ಬಸ್ಸಿನ ಪ್ರಯಾಣಿಕನಂತೆ, ಇಳಿಯಲಾರದೆ ಒಳಗೇ ನಿಲ್ಲುತ್ತದೆ. ಬೆಲೆ ಬೇರೆಯೇ ಇತ್ತು, ಮುನ್ನೂರು ಪೌಂಡು. ಅದೇ ಕೋಟು ತಡೆಯಲಾರದ ಅಧೋಜಲವನ್ನು ಗಾಲಿಯ ಮೇಲೆ ಸಿಕ್ಕಿಸುವ ಒಂದು ತುಂಡು ಪ್ಲಾಸ್ಟಿಕ್ ಮಡ್‌ಗಾರ್ಡು ತಡೆಯುತ್ತದೆ. ಇದನ್ನು ಅಂಗಡಿಯಲ್ಲಿ ಯಾರೂ ತಾವಾಗಿ ಹೇಳಲಿಲ್ಲ.

ತೈತ್ತಿರೀಯೋಪನಿಷತ್ತು ಐದು ಕೋಶಗಳನ್ನು ಹೇಳಿದೆ. ಸೈಕಲ್ ಶಾಸ್ತ್ರ ಮೂರಕ್ಕೆ ನಿಲ್ಲಿಸಿದೆ: ಬೆವರು ಹೀರುವ ಒಳಪದರ, ಬಿಸಿ ಹಿಡಿಯುವ ನಡುಪದರ, ಮಳೆ ತಡೆಯುವ ಹೊರಪದರ. ಅನ್ನಮಯ ಕೋಶ ನನ್ನ ಸೊಂಟದ ಸುತ್ತ ಮೊದಲೇ ಸಿದ್ಧವಿತ್ತು. ಒಳಪದರದಲ್ಲಿ ಹತ್ತಿ ನಿಷಿದ್ಧ. ಹತ್ತಿ ನೀರು ಕುಡಿದರೆ ಬಿಡದು, ಮೈಗಂಟಿ ತಣ್ಣಗೆ ಕೊರೆಯುತ್ತದೆ. ಇದನ್ನು ನಂಬದೆ ಊರಿನಿಂದ ತಂದ ಬನೀನನ್ನೇ ಒಳಗೆ ತೊಟ್ಟು ಹೋದ ಸಂಶೋಧಕ ಇಳಿಜಾರಿನಲ್ಲಿ ತನ್ನ ಹಲ್ಲುಗಳ ಛಂದಸ್ಸನ್ನು ತಾನೇ ಕೇಳಿಸಿಕೊಂಡ. ಬಹುಶಃ ಅದು ರಗಳೆ, ಮುಗಿಯುವಂತೆ ಕಾಣಲಿಲ್ಲ.

ವಿಹಿತವಾದದ್ದು ಮೆರಿನೊ ಉಣ್ಣೆ. ಉಣ್ಣೆಯ ಎಳೆ ತನ್ನ ತೂಕದ ಮೂರನೆಯ ಒಂದರಷ್ಟು ತೇವವನ್ನು ಒಳಗೆಳೆದುಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸದು. ನಾಲ್ಕು ದಿನ ತೊಟ್ಟರೂ ನಾರದು. ಇದನ್ನು ಮಗ ವಿವರಿಸುತ್ತಿದ್ದಾಗ ನನಗೆ ನಮ್ಮಜ್ಜಿಯ ಧಾಬಳಿ ನೆನಪಾಯಿತು. ಮಡಿಗೆ ಹತ್ತಿಸೀರೆಯನ್ನು ಪ್ರತಿದಿನ ಒಗೆಯಬೇಕು, ಧಾಬಳಿಯನ್ನು ಒಗೆಯಬೇಕಿಲ್ಲ, ಅದಕ್ಕೆ ಮೈಲಿಗೆ ತಾಗದು ಎಂದು ಅಜ್ಜಿ ಹೇಳುತ್ತಿದ್ದಳು. ಧರ್ಮಶಾಸ್ತ್ರವೆಂದು ನಾವು ತಿಳಿದದ್ದು ಜವಳಿಶಾಸ್ತ್ರವಾಗಿತ್ತು. ಮೌಂಟನ್ ಬೈಕಿಂಗ್ ನಮ್ಮ ಅಡುಗೆಮನೆಯಲ್ಲೇ ಹುಟ್ಟಿತೆಂದು ಸಾಧಿಸಲು ಇನ್ನು ಸೈಕಲ್ಲೊಂದರ ಪುರಾವೆ ಮಾತ್ರ ಬಾಕಿ.

ಕೆಳವಸ್ತ್ರದಲ್ಲಿ ಮೆತ್ತೆ ಹೊಲಿದ ಬಿಗಿ ಚಡ್ಡಿಯ ವಿಧಿಯಿದೆ.

“ಅಪ್ಪಾ, ಅದರ ಒಳಗೆ ಏನೂ ಹಾಕ್ಕೋಬಾರ್ದು” ಎಂದ ಮಗ, ಗೋಡೆ ನೋಡುತ್ತ.

“ಏನೂ ಅಂದ್ರೆ?”

“ಏನೂ.”

ಇಷ್ಟು ಸಂಕ್ಷಿಪ್ತವಾದ ಸೂತ್ರ ಪಾಣಿನಿಯಲ್ಲೂ ಸಿಗದು. ಒಳಗಿನ ಹೊಲಿಗೆ ಉಜ್ಜಿ ತೊಡೆಯ ಚರ್ಮ ಕೀಳುತ್ತದೆಂಬ ಭಾಷ್ಯವನ್ನು ಆಮೇಲೆ ಸೊಸೆಯ ಮೂಲಕ ಹೇಳಿಕಳಿಸಿದ.

ಕೋಟಿನ ತೋಳಿನಡಿಯಲ್ಲಿ ಜಿಪ್ ಇರುತ್ತದೆ. ಏರಿನಲ್ಲಿ ತೆರೆದರೆ ಹಬೆ ಹೊರಹೋಗುತ್ತದೆ, ಇಳಿಜಾರಿನಲ್ಲಿ ಮುಚ್ಚಬೇಕು. ಉಡುಪಿಯ ಕನಕನ ಕಿಂಡಿಗೂ ಈ ಕಂಕುಳ ಕಿಂಡಿಗೂ ನಾದಸಾಮ್ಯವಿದ್ದರೂ ಇಲ್ಲಿ ದರ್ಶನವಾಗುವುದು ಬೇರೆ. ಮುನ್ನೂರು ಪೌಂಡಿನ ಪೊರೆಗಿಂತ ಈ ಸೀಳು ಹೆಚ್ಚು ಬೆವರನ್ನು ಕಳೆಯುತ್ತದೆ ಎಂಬುದು ಮೂರೂ ಮತದವರು ಒಪ್ಪುವ ಏಕೈಕ ಸಂಗತಿ. ಕಾಲಿಗೆ ನೀರು ಸೋರದ ಕಾಲುಚೀಲಗಳುಂಟು. ಹೊರಗಿನ ನೀರು ನಿಜಕ್ಕೂ ಸೋರುವುದಿಲ್ಲ. ಆದರೆ ಮೀನಖಂಡದಿಂದ ಇಳಿದ ನೀರು ಬಾಯಿಯಿಂದ ಒಳಗಿಳಿದರೆ ಅದೂ ಹೊರಗೆ ಸೋರುವುದಿಲ್ಲ. ‘ಕಾಲುಚೀಲ’ ಎಂಬ ಕನ್ನಡ ಪದ ಇಲ್ಲಿ ಮಾತ್ರ ಅನ್ವರ್ಥವಾಗುತ್ತದೆ. ಪ್ಯಾಂಟಿನ ಕಾಲನ್ನು ಅದರ ಬಾಯಿಯ ಹೊರಗೆ ಇಳಿಬಿಡಬೇಕು. ಹೆಂಚು ಹೊದಿಸುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಸೈಕಲ್ ಕೋಟಿನ ಬೆನ್ನು ಉದ್ದ, ಎದೆ ಗಿಡ್ಡ. ಬಾಗಿ ತುಳಿಯುವಾಗ ಸೊಂಟ ಬಯಲಾಗದಿರಲೆಂದು ಈ ಉಪಾಯ. ಆದರೆ ಬಾಗಿದ ಬೆನ್ನಿನ ಮಳೆವಸ್ತ್ರವನ್ನು ನಮ್ಮ ಕಡೆಯವರು ಬಿದಿರು, ಎಲೆಗಳಿಂದ ಹೆಣೆದು ಎಷ್ಟೋ ಹಿಂದೆಯೇ ಮುಗಿಸಿದ್ದರು. ನಾಟಿ ಮಾಡುವ ಹೆಂಗಸರ ತಲೆಯಿಂದ ಸೊಂಟದವರೆಗೆ ಕವುಚಿಕೊಳ್ಳುವ ಗೊರಬು ನೆಟ್ಟಗೆ ನಿಂತವರಿಗೆ ಹೇಳಿದ್ದೇ ಅಲ್ಲ. ಕೆಳಗೆಲ್ಲ ತೆರೆದಿದ್ದರಿಂದ ಅದರೊಳಗೆ ಅಂತರ್ಜಲದ ಸಮಸ್ಯೆಯೂ ಇಲ್ಲ. ಈ ವಾದವನ್ನು ಗಟ್ಟಿಮಾಡಲು ಗೊರಬು ಸಿಗದೆ, ಪೆಟ್ಟಿಗೆಯಲ್ಲಿ ತಂದಿದ್ದ ಚಿತ್ರದುರ್ಗದ ಕಡೆಯ ಕಂಬಳಿಯನ್ನೇ ಕೊಪ್ಪೆ ಮಾಡಿ ಹೊದ್ದು ನೀಲಿ ದಾರಿಯಲ್ಲಿ ಕ್ಷೇತ್ರಕಾರ್ಯ ಕೈಗೊಂಡೆ. ಹುಣಸೆಬೀಜದ ಗಂಜಿ ಹಾಕಿ ಬಿಗಿ ಮಾಡಿದ ಕಂಬಳಿ ಮೊದಲ ಅರ್ಧ ಗಂಟೆ ಹನಿ ಒಳಗೆ ಬಿಡಲಿಲ್ಲ. ಎದುರಾದ ಸವಾರರು ದಾರಿ ಬಿಟ್ಟು ನಿಂತರು, ಗೌರವದಿಂದಲೇ ಇರಬೇಕು. ಅನಂತರ ಗಂಜಿ ಕರಗಿತು, ಕಂಬಳಿಯ ತೂಕ ಕುರಿಯ ತೂಕವಾಯಿತು, ಅದರ ಒಂದು ಅಂಚು ಹಿಂದಿನ ಗಾಲಿಗೆ ಸುತ್ತಿಕೊಂಡಿತು. ಫಲಿತಾಂಶದ ವಿವರಗಳನ್ನು ಎಡ ಮೊಣಕೈಯಲ್ಲಿ ಈಗಲೂ ಓದಬಹುದು.

ಕಡೆಯದು ಶುದ್ಧೀಕರಣ ಪ್ರಕರಣ. ಪೊರೆಯ ಕೋಟನ್ನು ಬಟ್ಟೆ ಮೃದುಗೊಳಿಸುವ ದ್ರವದಲ್ಲಿ ಒಗೆಯಬಾರದು, ಜಾರುಮದ್ದು ಕೆಡುತ್ತದೆ. ಒಗೆದ ಮೇಲೆ ಡ್ರೈಯರಿನ ಹದವಾದ ಬಿಸಿ ತಾಗಿಸಿದರೆ ಮದ್ದು ಮತ್ತೆ ಚೇತರಿಸಿಕೊಳ್ಳುತ್ತದೆ. ನನ್ನಾಕೆ ವಾಸನೆ ಹೋಗಲೆಂದು ಆ ನೀಲಿ ದ್ರವವನ್ನು ಎರಡು ಮುಚ್ಚಳ ಹೆಚ್ಚಿಗೆ ಹಾಕಿದ್ದಳು. ಮಾರನೆಯ ದಿನ ಕೋಟು ಮಲ್ಲಿಗೆಯಂತೆ ಘಮಘಮಿಸುತ್ತ ಮಳೆಯನ್ನೆಲ್ಲ ಕುಡಿಯಿತು.

ಸಂಜೆ ರೇಡಿಯೇಟರುಗಳ ಮೇಲೆ, ಕುರ್ಚಿಗಳ ಬೆನ್ನಿಗೆ, ಮೆಟ್ಟಿಲ ಕಟಕಟೆಗೆ ಮೂರು ಕೋಶಗಳೂ ಎರಡು ಜೊತೆ ಕಾಲುಚೀಲಗಳೂ ಕಂಬಳಿಯೂ ತೊಟ್ಟಿಕ್ಕುತ್ತಿದ್ದವು. ಆಕೆ ಕಾಫಿ ಲೋಟ ಇಡಲು ಒಣಗಿದ ಜಾಗ ಹುಡುಕುತ್ತ, “ಅಲ್ಲರೀ, ಅಜ್ಜಿ ಬೆಳಗಾಗೆದ್ದು ಒಂದೇ ಸೀರೇಲಿ ಇಷ್ಟೇ ಒದ್ದೆ ಆಗ್ತಿದ್ರಲ್ಲ?” ಎಂದಳು.

ಈ ಪೂರ್ವಪಕ್ಷಕ್ಕೆ ಸಮಾಧಾನ ಎರಡನೆಯ ಸಂಪುಟದಲ್ಲಿ. ಅದರ ಕರಡು ಸದ್ಯ ಕೋಟಿನ ಜೇಬಿನಲ್ಲಿದೆ, ಒಣಗಬೇಕು.