ಜಖಂ ಸಿಲಿಂಡರ್ ಲಕ್ಷಣ ಮೀಮಾಂಸೆ

ಮೊದಲು ಲಕ್ಷಣ, ಆಮೇಲೆ ಭೇದ ಎಂಬುದು ಶಾಸ್ತ್ರಮರ್ಯಾದೆ. ಬೆಸುಗೆಯಿಲ್ಲದ ಉಕ್ಕಿನ ಮೈ, ಹಿತ್ತಾಳೆಯ ಶಿರಸ್ಸು, 50ರಿಂದ 60 ಕೆ.ಜಿ. ತೂಕ, ಒಳಗೆ ಸಾಮಾನ್ಯವಾಗಿ ಸುಮಾರು 150 ಬಾರ್ ಒತ್ತಡ: ಇದು ಸಿಲಿಂಡರು. ಇದಕ್ಕೆ ಏಟು, ಬೆಂಕಿ, ತುಕ್ಕು, ಮನುಷ್ಯ ಈ ನಾಲ್ಕರಲ್ಲಿ ಒಂದು ತಗುಲಿದರೆ ಜಖಂ ಸಿಲಿಂಡರು. ಹಾಗಾದರೆ ಅಡುಗೆಮನೆಯ 14.2 ಕೆ.ಜಿ. ಸಿಲಿಂಡರಿಗೂ ಲಕ್ಷಣ ಹರಡಿ ಅತಿವ್ಯಾಪ್ತಿಯಾಗದೇ ಎಂದು ಪೂರ್ವಪಕ್ಷಿ ಕೇಳಿಯಾನು. ಆಗದು. ಅದು ಬೆಸುಗೆ ಹಾಕಿದ್ದು, ಒಳಗಿರುವುದು ದ್ರವ, ಸಾಧಾರಣ ಹವೆಯಲ್ಲಿ ಅದರ ಒತ್ತಡ 10 ಬಾರ್ ದಾಟದು. ಅದಕ್ಕೆ ಬೇರೆ ಗ್ರಂಥ ಬೇಕು.

ಪ್ರಥಮ ಭೇದ ಶಿರೋಭಗ್ನ. ವಾಲ್ವಿನ ಮೇಲೆ ತಿರುಗಿಸಿ ಕೂರಿಸುವ ಕ್ಯಾಪು ಕಳೆದುಹೋಗಿ, ಲಗೇಜ್ ಆಟೋದಿಂದ ಮಗುಚಿ ಬಿದ್ದು, ಕತ್ತು ಮುರಿದದ್ದು. ಅನಿಲ ಒಂದು ಕಡೆಗೆ, ಸಿಲಿಂಡರು ಇನ್ನೊಂದು ಕಡೆಗೆ ಹೊರಡುತ್ತವೆ. ನಡುವೆ ಇಟ್ಟಿಗೆ ಗೋಡೆ ಇದ್ದರೆ ಅದೂ ಹೊರಡುತ್ತದೆ. ನ್ಯೂಟನ್ನನ ಮೂರನೆಯ ನಿಯಮಕ್ಕೆ ಇಷ್ಟು ಸಮರ್ಥ ಭಾಷ್ಯ ಇನ್ನೊಂದಿಲ್ಲ.

ದ್ವಿತೀಯ ದೇಹಭಗ್ನ. ನಗ್ಗು, ಗೀರು, ಉಬ್ಬು ಎಂಬ ಉಪಭೇದಗಳು ಯಾರ ಕಣ್ಣಿಗೂ ಬೀಳುತ್ತವೆ. ಸೂಕ್ಷ್ಮವಾದದ್ದು ಚಾಪದಗ್ಧ. ಕರೆಂಟು ಬರುತ್ತಿದೆಯೇ ಎಂದು ವೆಲ್ಡರ್ ತನ್ನ ಕಡ್ಡಿಯನ್ನು ಪಕ್ಕದ ಸಿಲಿಂಡರಿಗೆ ಒಮ್ಮೆ ತಾಗಿಸುತ್ತಾನೆ. ಉಳಿಯುವುದು ತೊಗರಿಬೇಳೆಯಷ್ಟು ಚುಕ್ಕೆ. ಅಷ್ಟು ಜಾಗದ ಉಕ್ಕು ಕ್ಷಣದಲ್ಲಿ ಕಾದು ಕ್ಷಣದಲ್ಲಿ ತಣಿದು ಗಡುಸಾಗಿ ಪೆಡಸಾಗುತ್ತದೆ. ಮುಂದೆಂದೋ ಬಿರುಕು ಅಲ್ಲಿಂದ ಹೊರಡುತ್ತದೆ. ಅಂಥ ಸಿಲಿಂಡರನ್ನು ರದ್ದು ಮಾಡಬೇಕು. ಮಾಡುವ ವರ್ಕ್‌ಶಾಪ್ ಮಾಲೀಕ ಈ ಮೀಮಾಂಸಕನಿಗೆ ಇನ್ನೂ ಸಿಕ್ಕಿಲ್ಲ.

ಅಗ್ನಿದಗ್ಧಕ್ಕೆ ಒಂದೇ ಸೂತ್ರ: ಬೆಂಕಿಯಲ್ಲಿ ಬೆಂದದ್ದನ್ನು ಪರೀಕ್ಷಿಸದೆ ಮತ್ತೆ ತುಂಬಿಸಬಾರದು. ಅಸಿಟಿಲೀನ್ ಇದಕ್ಕೂ ಮಿಗಿಲು. ಹೊರಗಿನ ಬೆಂಕಿ ಆರಿದ ಮೇಲೂ ಒಳಗೆ ತಾನೇ ವಿಘಟನೆಯಾಗುತ್ತಾ ಗಂಟೆಗಟ್ಟಲೆ ಕಾಯುತ್ತಿರಬಲ್ಲದು. ಆರಿತೆಂದು ಹತ್ತಿರ ಹೋದವರು ತರ್ಕದಲ್ಲಿ ಸರಿ, ಆಯುಸ್ಸಿನಲ್ಲಿ ತಪ್ಪು.

ಸ್ನೇಹದುಷ್ಟವೆಂದರೆ ಬಿಗಿಯಾದ ಆಕ್ಸಿಜನ್ ವಾಲ್ವಿಗೆ ಯಾರೋ ಉಪಕಾರಿ ಎಣ್ಣೆ ಬಿಟ್ಟದ್ದು. ಆ ಒತ್ತಡದ ಆಕ್ಸಿಜನ್ನಿನಲ್ಲಿ ಎಣ್ಣೆ ಹೊತ್ತಿಕೊಳ್ಳಲು ಕಿಡಿಯೇ ಬೇಕಿಲ್ಲ.

ಅಂತಃಕ್ಷಯದಲ್ಲಿ ಒಳಗೆ ಸೇರಿದ ತೇವ ಉಕ್ಕನ್ನು ತಿನ್ನುತ್ತದೆ, ಹೊರಗೆ ಏನೂ ಕಾಣದು. ಇದಕ್ಕೇ 5 ವರ್ಷಕ್ಕೊಮ್ಮೆ ನೀರು ತುಂಬಿ 250 ಬಾರ್‌ವರೆಗೆ ಒತ್ತಿ ನೋಡುವುದು. ನೀರೇ ಏಕೆ? ನೀರು ಹೆಚ್ಚು ಕುಗ್ಗದು. ಪರೀಕ್ಷೆಯಲ್ಲಿ ಸಿಲಿಂಡರು ಒಡೆದರೂ ಪರೀಕ್ಷಕ ಉಳಿಯುತ್ತಾನೆ. ಖಾಲಿ ತೂಕ ಶೇ. 5ಕ್ಕಿಂತ ಹೆಚ್ಚು ಇಳಿದಿದ್ದರೆ ಸಿಲಿಂಡರಿಗೆ ಅಲ್ಲಿಗೇ ಮುಕ್ತಿ.

ಈ ಎಲ್ಲವನ್ನೂ ಬಚ್ಚಿಡುವ ವೇಷಧಾರಿಯೇ ಗ್ರಂಥದ ಮುಖ್ಯ ವಿಷಯ. ಆಕ್ಸಿಜನ್ನಿಗೆ ಕಪ್ಪು, ಆಸ್ಪತ್ರೆಯದಾದರೆ ಹೆಗಲು ಬಿಳಿ. ನೈಟ್ರೋಜನ್ನಿಗೆ ಬೂದು, ಹೈಡ್ರೋಜನ್ನಿಗೆ ಕೆಂಪು, ಅಸಿಟಿಲೀನಿಗೆ ಕಂದುಗೆಂಪು. ವರ್ಣವ್ಯವಸ್ಥೆ ನಿಜವಾಗಿ ಉಪಯೋಗಕ್ಕೆ ಬಂದಿರುವುದು ಇಲ್ಲಿ ಮಾತ್ರ. 2021ರ ಆಕ್ಸಿಜನ್ ಅಭಾವದಲ್ಲಿ ನೈಟ್ರೋಜನ್, ಆರ್ಗಾನ್ ಸಿಲಿಂಡರುಗಳನ್ನು ಶುದ್ಧಿಮಾಡಿ ಬಣ್ಣ ಬದಲಿಸಲು ಸರ್ಕಾರವೇ ಅನುಮತಿ ಕೊಟ್ಟಿತು. ಅದು ವಿಧಿವತ್ತಾದ ಮತಾಂತರ. ನಾವು ಹೇಳುತ್ತಿರುವುದು ಗುಜರಿಯಲ್ಲಿ ಒಂದು ಡಬ್ಬಿ ಪೇಂಟಿನಿಂದ ನಡೆಯುವ ಪುನರ್ಜನ್ಮವನ್ನು. ರದ್ದಾದ ಸಿಲಿಂಡರನ್ನು ಚಪ್ಪಟೆ ಮಾಡಬೇಕು, ಇಲ್ಲವೇ ಮತ್ತೆ ಬೆಸೆಯಲಾಗದಂತೆ ತುಂಡು ತುಂಡಾಗಿ ಕತ್ತರಿಸಬೇಕು ಎನ್ನುತ್ತವೆ ಗ್ಯಾಸ್ ಸಿಲಿಂಡರ್ ನಿಯಮಗಳು. ಮತ್ತೆ ಬೆಸೆಯಲಾಗದಂತೆ ಎಂದು ಒತ್ತಿ ಬರೆದವರಿಗೆ ನಮ್ಮ ಜನರ ಪ್ರತಿಭೆಯ ಅಂದಾಜು ಇದ್ದಿರಬೇಕು.

ಈ ವೇಷಧಾರಿಯ ಕೊನೆಯ ಅವತಾರ ಜಾತ್ರೆಯ ಬಲೂನ್ ಗಾಡಿಯಲ್ಲಿ. ಗೋತ್ರ ತಿಳಿಯದ ಹಳೆಯ ಸಿಲಿಂಡರಿಗೆ ಕಾಸ್ಟಿಕ್ ಸೋಡಾ, ಅಲ್ಯುಮಿನಿಯಂ ಚೂರು, ನೀರು ಹಾಕಿ ಮುಚ್ಚಿದರೆ ಅಲ್ಲೇ ಹೈಡ್ರೋಜನ್ ಹುಟ್ಟುತ್ತದೆ. ಕ್ರಿಯೆ ತಾನೇ ಕಾಯುತ್ತದೆ, ಕಾದಷ್ಟೂ ಚುರುಕಾಗುತ್ತದೆ. ಬಿಸಿ ಕ್ಷಾರ ಉಕ್ಕಿನಲ್ಲಿ ಬಿರುಕು ಹುಟ್ಟಿಸಬಲ್ಲದು. ಒತ್ತಡ ಎಷ್ಟೆಂದು ಹೇಳಲು ಮೀಟರಿಲ್ಲ. ಸುತ್ತ ನಿಂತವರೆಲ್ಲ ಮಕ್ಕಳು. ಮೇಲಿನ ಭೇದಗಳಲ್ಲಿ ಪಾರಾಗುವ ದಾರಿ ಏನಾದರೂ ಇದೆ, ಇಲ್ಲಿಲ್ಲ.

ಆದ್ದರಿಂದ ಓದುಗರೇ, ಸಿಲಿಂಡರಿನ ಹೆಗಲ ಮೇಲೆ ಕೊನೆಯ ಪರೀಕ್ಷೆಯ ತಿಂಗಳು, ವರ್ಷ ಕೊರೆದಿರುತ್ತದೆ. ಅದು ಉಜ್ಜಿಹೋಗಿದ್ದರೆ, ಪೇಂಟಿನಡಿ ಮುಚ್ಚಿದ್ದರೆ, ದೂರ ಸರಿಯಿರಿ. ಮಗು ಅತ್ತರೆ ಪೀಪಿ ಕೊಡಿಸಿ.