ವಿಂಡೋಸಿನ ಎರಡು ನಂಬರ್ ಹಿಸಾಬು

ಔರಾದ ಅನ್ನುವ ಊರು ಎರಡಿವೆ. ಒಂದು ನಮ್ಮ ಬೀದರ ಜಿಲ್ಲೆಯದು, ಇನ್ನೊಂದು ಗಡಿಯಾಚೆ ಲಾತೂರ ಜಿಲ್ಲೆಯ ನಿಲಂಗಾ ತಾಲೂಕಿನದು. ಎರಡನೆಯದಕ್ಕೆ ಔರಾದ ಶಹಾಜನಿ ಎಂದು ಪೂರ್ತಿ ಹೆಸರು ಬರೆಯದಿದ್ದರೆ ಕೊರಿಯರ್ ಹಾದಿ ತಪ್ಪುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈ ಎರಡನೇ ಔರಾದದ ಮೋಂಢಾದಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ಯಾವ ಅಡತಿ ಅಂಗಡಿಗೆ ಹೋದರೂ ಒಬ್ಬ ಮುನೀಮಕಾಕಾ ಸಿಗುತ್ತಾನೆ. ಬಿಳಿ ಪೈಜಾಮ, ಗಾಂಧಿ ಟೋಪಿ, ಕಿವಿಯ ಮೇಲೆ ಪೆನ್ನು. ಆ ಪೆನ್ನಿನಿಂದ ಬರೆದು ಇಪ್ಪತ್ತು ವರ್ಷವಾಗಿರಬಹುದು, ಆದರೆ ಅದಿಲ್ಲದೆ ಅವನಿಗೆ ಲೆಕ್ಕ ಹತ್ತುವುದಿಲ್ಲ. ಎಣಿಸುವುದು ಮರಾಠಿಯಲ್ಲಿ, ಹಮಾಲರನ್ನು ಬೈಯುವುದು ಹಿಂದಿಯಲ್ಲಿ, ಲೆಕ್ಕ ತಪ್ಪಿದಾಗ ಬಸವಣ್ಣನನ್ನು ಕರೆಯುವುದು ಕನ್ನಡದಲ್ಲಿ. ಕಂಪ್ಯೂಟರಿನ ಮುಂದೆ ಕೂತರೆ ಬಲಗೈ ಮಾತ್ರ ಆಡುತ್ತದೆ, ಅದೂ ಕೀಬೋರ್ಡಿನ ಬಲಗಡೆಯ ಅಂಕಿ ಗುಂಡಿಗಳ ಮೇಲೆ, ಕೋಳಿ ಜೋಳ ಹೆಕ್ಕಿದ ಹಾಗೆ. ಮೌಸು ಇದೆ. ಫ್ಯಾನಿನ ಗಾಳಿಗೆ ಪಟ್ಟಿಗಳು ಹಾರದಂತೆ ಅವುಗಳ ಮೇಲೆ ಇಟ್ಟಿರುತ್ತಾನೆ.

ಎಷ್ಟು ಚೀಲ, ಎಷ್ಟು ಕ್ವಿಂಟಲ್, ಭಾವ ಏನು, ಹಮಾಲಿ, ತೋಲಾಯಿ, ಇಸಗೊಂಡ ಉಚಲು, ಎಲ್ಲ ಬಡಿದು ಒಂದು ಗುಂಡಿ ಒತ್ತಿದರೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಕಿರ್ ಕಿರ್ ಎಂದು ಮೂರು ಬಣ್ಣದ ಮೂರು ಪ್ರತಿ ಉಗುಳುತ್ತದೆ. ಆ ಸದ್ದು ಕೇಳಿದ ಮೇಲೇ ರೈತ ಬೀಡಿ ಹಚ್ಚುತ್ತಾನೆ. ಲೇಸರ್ ಪ್ರಿಂಟರು ಸದ್ದಿಲ್ಲದೆ ಕೊಟ್ಟ ಪಟ್ಟಿಯನ್ನು ಅಲ್ಲಿ ಯಾರೂ ಅಷ್ಟು ಸುಲಭಕ್ಕೆ ನಂಬುವುದಿಲ್ಲ.

ಇಷ್ಟನ್ನೂ ನಡೆಸುವುದು ಯಾವುದೋ ಕಾಲದಲ್ಲಿ ಯಾರೋ ಬರೆದುಕೊಟ್ಟ ಒಂದು ಪ್ರೋಗ್ರಾಂ. ಮುಖ ವಿಶುವಲ್ ಬೇಸಿಕ್‌ನದು, ಹೊಟ್ಟೆ ಫಾಕ್ಸ್‌ಪ್ರೋದ್ದು. ಫಾಕ್ಸ್‌ಪ್ರೋವನ್ನು 1992ರಲ್ಲಿ ಕೊಂಡ ಮೈಕ್ರೋಸಾಫ್ಟ್, ಇನ್ನು ಮುಂದೆ ಹೊಸ ಆವೃತ್ತಿ ಇಲ್ಲ ಎಂದು 2007ರಲ್ಲಿ ಕೈ ತೊಳೆದುಕೊಂಡಿತು. ಅದು ಓಡುತ್ತಿದ್ದ ವಿಂಡೋಸ್ ಎಕ್ಸ್‌ಪಿಯ ತಿಥಿ 2014ರ ಏಪ್ರಿಲ್ 8ಕ್ಕೆ ಮುಗಿಯಿತು. ಎರಡೂ ಸಾವಿನ ಸುದ್ದಿ ಮೋಂಢಾಕ್ಕೆ ಮುಟ್ಟಲಿಲ್ಲ. ಮುಟ್ಟಿದ್ದರೂ ಕಾಕಾ ಹೇಳುತ್ತಿದ್ದುದು ಇಷ್ಟೇ: "ನಡೀಲಾಕತ್ತದಲ್ಲ? ಮತ್ಯಾಕ ಕೈ ಹಚ್ಚತಿ?"

ಕೈ ಹಚ್ಚಿದ್ದು ಅಂಗಡಿಯ ಮಾಲೀಕ ಸೇಠಜಿಯ ಮಗ. ಸೋಯಾಬೀನ್ ಸುಗ್ಗಿಗೆ ಸರಿಯಾಗಿ ವಿಂಡೋಸ್ 10 ಇದ್ದ ಹೊಸ ಕಂಪ್ಯೂಟರು ತಂದು, ಹಳೆಯದರಲ್ಲಿದ್ದುದನ್ನೆಲ್ಲ ಅದಕ್ಕೆ ಸುರಿದ. ಪ್ರೋಗ್ರಾಂ ತೆರೆಯಿತು, ಡೇಟಾ ಸಿಗಲಿಲ್ಲ. ಡೇಟಾ ಸೋರ್ಸಿನ ಹೆಸರೇ ಇಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಪೆಟ್ಟಿಗೆ ಕೆಮ್ಮಿತು. ತೇರಣಾ ನದಿ ಬಂದು ಮಾಂಜರಾಕ್ಕೆ ಕೂಡುವ ಸೀಮೆ ಅದು. ಅಲ್ಲಿ ಪ್ರೋಗ್ರಾಂ ಹೋಗಿ ಡೇಟಾಕ್ಕೆ ಕೂಡಲೊಲ್ಲದು. ಹೊರಗೆ ಟೆಂಪೋಗಳ ಸಾಲು. ದಸರೆಗೆ ಬಂದಿದ್ದ ನನ್ನನ್ನು ಎಳೆದುಕೊಂಡು ಹೋದರು, ಯಾಕೆಂದರೆ ನಾನು ಪುಣೆಯಲ್ಲಿ "ಕಂಪ್ಯೂಟರಿನ್ಯಾಗ" ಇದ್ದೇನೆ.

ಕಾಕಾನಿಗೆ ಅರ್ಥವಾಗಲಿ ಎಂದು ವಿವರಿಸಿದೆ: ಪ್ರೋಗ್ರಾಮಿಗೂ ಡೇಟಾಕ್ಕೂ ನಡುವೆ ಓಡಿಬಿಸಿ ಅಂತ ಒಬ್ಬ ದಲಾಲ ಇರತಾನ, ಅವನ ಹೆಸರು ಹೊಸ ಮಷೀನಿನ್ಯಾಗ ಬರಸಬೇಕು. ಫಾಕ್ಸ್‌ಪ್ರೋ ಡ್ರೈವರ್ ಹಾಕಿದೆ. ಹೆಸರು ಬರೆಸಲು ಓಡಿಬಿಸಿಎಡಿ32 ಎಂಬ ಕಚೇರಿ ತೆರೆದರೆ, ಹಾಕಿದ ಡ್ರೈವರೇ ಅಲ್ಲಿಲ್ಲ. ಮತ್ತೆ ಹಾಕಿದೆ. ಇಲ್ಲ. ಮೂರನೇ ಸಲ ಚಹಾ ಬಂತು. ನನ್ನ ಪುಣೆ ಪಗಾರದ ಬಗ್ಗೆ ಹಮಾಲರು ಮಾತಾಡತೊಡಗಿದರು.

ಆಮೇಲೆ ಹೊಳೆಯಿತು. 64 ಬಿಟ್ ವಿಂಡೋಸಿನಲ್ಲಿ ಆ ಕಚೇರಿಗಳು ಎರಡು, ಬೋರ್ಡು ಮಾತ್ರ ಒಂದೇ. ಹೆಸರಿನಲ್ಲಿ 32 ಇದ್ದರೂ ಸಿಸ್ಟಮ್32 ಫೋಲ್ಡರಿನಲ್ಲಿರುವುದು 64 ಬಿಟ್‌ನವರದು. ನಮ್ಮಂಥ ಹಳೇ 32 ಬಿಟ್ ಬಡವರದು ಸಿಸ್‌ವಾವ್64 ಎಂಬ ಫೋಲ್ಡರಿನಲ್ಲಿ. ಉಲ್ಟಾ ಓದಿಕೊಂಡಿಲ್ಲ ಸ್ವಾಮಿ, ಇರುವುದೇ ಹಾಗೆ.

ಕಾಕಾ ನಗಲಿಲ್ಲ. "ಔರಾದಕ ಹೋಗಪ್ಪಾ ಅಂದ್ರ ನೀ ಬೀದರ ಔರಾದಕ ಹೋಗಿದ್ದಿ," ಎಂದ. ಸರಿಯಾದ ಔರಾದಕ್ಕೆ ಹೋಗಿ ಹೆಸರು ಬರೆಸಿದೆ. ಡೇಟಾ ಬಂತು, ಪ್ರಿಂಟರು ಕಿರ್ ಎಂದಿತು, ನನಗೊಂದು ಪ್ಲೇಟು ಭಜಿ ಬಂತು.

ಮರುದಿನ ಬೆಳಿಗ್ಗೆ ಮತ್ತೆ ಕರೆ. ಕಾಕಾ ನಿನ್ನೆ ಸಂಜೆ ಹೊಡೆದ ಹನ್ನೆರಡು ಪಟ್ಟಿ ಅವನ ಲಾಗಿನ್ನಿನಲ್ಲಿ ಕಾಣುತ್ತವೆ, ಸೇಠಜಿಯ ಮಗನ ಲಾಗಿನ್ನಿನಲ್ಲಿ ಕಾಣುವುದಿಲ್ಲ. ಕಂಪ್ಯೂಟರು ಒಂದೇ, ಪ್ರೋಗ್ರಾಂ ಒಂದೇ. ಹುಡುಗ ಕಾಕಾನ ಮುಖ ನೋಡುತ್ತಿದ್ದ. ನಲವತ್ತು ವರ್ಷ ಒಂದು ಪೈಸೆ ತಪ್ಪದ ಮನುಷ್ಯ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದ.

ನಾನು ಬಾಯಿ ತೆರೆಯುವ ಮೊದಲೇ ಕಾಕಾ ಹೇಳಿದ: "ಎಲ್ಲಿಗೂ ಹೋಗಿಲ್ಲ. ಹೊಲ ಅಲ್ಲೇ ಅದ, ಕಾಗದ ಬ್ಯಾರೆ ಕಚೇರಿನ್ಯಾಗ ಅವ. ಐವತ್ತಾರರಾಗ ಹಿಂಗೇ ಆಗಿತ್ತು." 1956ರಲ್ಲಿ ನಿಲಂಗಾ ತಾಲೂಕು ಬೀದರ ಜಿಲ್ಲೆಯಿಂದ ಕಳಚಿ ಉಸ್ಮಾನಾಬಾದಿಗೆ ಹೋಯಿತು, 1982ರಲ್ಲಿ ಲಾತೂರಿಗೆ. ಕಾಕಾನ ಅಜ್ಜನ ಕಾಗದ ನಿಜಾಮನ ಉರ್ದೂದಲ್ಲಿ, ಅಪ್ಪನದು ಮರಾಠಿಯಲ್ಲಿ, ಜಗಳ ಮಾತ್ರ ಮೊದಲಿನಿಂದಲೂ ಕನ್ನಡದಲ್ಲಿ. ಮೂರು ರಾಜ್ಯ, ಮೂರು ಜಿಲ್ಲೆ ನೋಡಿದ ಮನೆತನಕ್ಕೆ ಅಪ್‌ಗ್ರೇಡ್ ಹೊಸದಲ್ಲ.

ಅವನ ಮಾತೇ ನಿಜವಾಯಿತು. ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿ ಬರೆಯುವ ಅಧಿಕಾರ ಎಲ್ಲರಿಗೂ ಇಲ್ಲ. ಹಳೇ ಪ್ರೋಗ್ರಾಂ ಬರೆಯಲು ಹೋದರೆ ವಿಸ್ಟಾದಿಂದೀಚಿನ ವಿಂಡೋಸು ಬೇಡ ಅನ್ನುವುದಿಲ್ಲ, ಮರ್ಯಾದೆಯಿಂದ ಹ್ಞೂಂ ಅಂದು, ಆ ಬಳಕೆದಾರನ ವರ್ಚುವಲ್‌ಸ್ಟೋರ್ ಎಂಬ ಮೂಲೆಯಲ್ಲಿ ಇನ್ನೊಂದು ಪ್ರತಿ ಮಾಡಿ ಅದರಲ್ಲಿ ಬರೆದಿಡುತ್ತದೆ. ಹುಡುಗ ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ಅಸಲು ಕಾಣುತ್ತದೆ, ಕಾಕಾ ತೆರೆದರೆ ನಕಲು. ಇದನ್ನು ಹೇಳಿದಾಗ ಕಾಕಾ ಟೋಪಿ ಹಾಕಿಕೊಂಡ. ಸೇಠಜಿಯ ಕಡೆ ತಿರುಗಿ, ದನಿ ಏರಿಸದೆ ಅಂದ: "ಎರಡು ನಂಬರ್ ಹಿಸಾಬ ಮಂದಿ ಇಡತಾರಂತ ಕೇಳಿದ್ದೆ. ಈಗ ವಿಂಡೋಸೂ ಇಡತದಂತ."

ಸೇಠಜಿ ಬಹಳ ಹೊತ್ತು ಕೆಮ್ಮಿದರು.

ಫೋಲ್ಡರನ್ನು ಡಿ ಡ್ರೈವಿಗೆ ತಂದು, ಹನ್ನೆರಡು ಪಟ್ಟಿಯನ್ನೂ ಅಸಲಿಗೆ ಸೇರಿಸಿ, ಓಡಿಬಿಸಿಗೆ ಹೊಸ ವಿಳಾಸ ಕೊಟ್ಟೆ. ಅಂದಿನಿಂದ ನಡೆಯುತ್ತಿದೆ. ಈಗ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರದೂ ಮುಗಿಯಿತು, ಹುಡುಗ ಮತ್ತೆ ಹೊಸದರ ಮಾತು ಎತ್ತಿದ್ದಾನೆ. ಕಾಕಾ ಮಾತ್ರ ಹಳೇ ಎಕ್ಸ್‌ಪಿ ಪೆಟ್ಟಿಗೆಯನ್ನು ಗಾದಿಯ ಹಿಂದೆ ಟವಲು ಹೊದಿಸಿ ಇಟ್ಟುಕೊಂಡಿದ್ದಾನೆ. ನೆಟ್ಟಿನ ವೈರು ಇಲ್ಲ. ದಿನಾ ರಾತ್ರಿ ಅಂಗಡಿ ಮುಚ್ಚುವ ಮೊದಲು ಅಂದಿನ ಪಟ್ಟಿಗಳನ್ನೆಲ್ಲ ಅದರಲ್ಲಿ ಇನ್ನೊಂದು ಸಲ ಹೊಡೆಯುತ್ತಾನೆ. ಪ್ಲಗ್ಗಿನ ಮೇಲೆ ಅಡ್ಡಡ್ಡ ಸೆಲ್ಲೋಟೇಪು ಹಚ್ಚಿದ್ದಾನೆ. ಮೋಂಢಾದ ಕಡೆ ಹೋದರೆ, ಮೊಬೈಲ್ ಚಾರ್ಜಿಗೆಂದು ಅದನ್ನು ಕೀಳಬೇಡಿ.